ರಕ್ತವಸಡಿಗರ ಲಕ್ಷಣ ನಿರ್ಣಯ

ಬಾಯಿಯ ರೋಗಗಳು 65 ಎಂದು ಸುಶ್ರುತಸಂಹಿತೆಯ ನಿದಾನಸ್ಥಾನ ಲೆಕ್ಕ ಕೊಡುತ್ತದೆ. ಅವುಗಳಲ್ಲಿ 15 ಹಲ್ಲಿನ ಬುಡದವು, ಅಂದರೆ ವಸಡಿನವು. ಕಾರಣವಿಲ್ಲದೆ ನೆತ್ತರು ಒಸರಿ, ವಸಡು ಮೆತ್ತಗಾಗಿ, ಕಪ್ಪಿಟ್ಟು ನಾರಿದರೆ ಶೀತಾದ. ಉರಿ ಎದ್ದು, ಕೀವಾಗಿ, ಹಲ್ಲು ಅಲುಗಾಡಿ, ಉಜ್ಜಿದಾಗ ನೆತ್ತರು ಬಂದರೆ ಉಪಕುಶ. ವಸಡನ್ನು ಇಷ್ಟು ಸೂಕ್ಷ್ಮವಾಗಿ ವಿಂಗಡಿಸಿದ ಆಚಾರ್ಯರು ವಸಡಿನ ಮಾಲೀಕರನ್ನು ವಿಂಗಡಿಸದೆ ಬಿಟ್ಟರು. ಅವರನ್ನು ದೂರುವಂತಿಲ್ಲ, ಆಗ ವಾಶ್‌ಬೇಸಿನ್ ಇರಲಿಲ್ಲ, ಬಿಳಿ ಪಿಂಗಾಣಿಯ ಮೇಲೆ ಬಿದ್ದಾಗ ತಾನೇ ಉಗುಳಿನ ಬಣ್ಣ ಕಣ್ಣಿಗೆ ರಾಚುವುದು? ಆ ಕೊರತೆಯನ್ನು ತುಂಬುವುದೇ ಈ ಗ್ರಂಥದ ಪ್ರಯೋಜನ. ವಿಷಯ: ಬೆಳಗಿನ ಕೆಂಪು ನೊರೆ. ಅಧಿಕಾರಿ: ಬ್ರಶ್ ಹಿಡಿದ ಯಾರಾದರೂ ಸರಿ.

ಮೊದಲನೆಯವರು ನಲ್ಲಿಗರು. ಉಗುಳುವ ಮುಂಚೆಯೇ ನಲ್ಲಿ ತಿರುಗಿಸಿರುವುದು ಇವರ ಲಕ್ಷಣ. ನೊರೆ ಬಿಳಿಯೋ ಕೆಂಪೋ ಎಂದು ತೀರ್ಮಾನವಾಗುವಷ್ಟರಲ್ಲಿ ಸಾಕ್ಷ್ಯವೆಲ್ಲ ಪೈಪು ಸೇರಿರುತ್ತದೆ. ಕೆಂಪು ಹಲ್ಲುಪುಡಿಯವರೂ ಎಲೆಯಡಿಕೆಯವರೂ ಇದರ ಉಪವರ್ಗ. ಅವರಿಗೆ ನಲ್ಲಿಯ ಅಗತ್ಯವೂ ಇಲ್ಲ. ಬೀಡಿ ಸಿಗರೇಟಿನವರನ್ನು ಎಲ್ಲಿಗೆ ಸೇರಿಸಬೇಕೆಂಬುದು ತೊಡಕಿನ ಪ್ರಶ್ನೆ. ಅವರ ವಸಡಿನಲ್ಲಿ ನೆತ್ತರು ಕಡಿಮೆ, ಅದನ್ನು ಅವರು ಹೆಮ್ಮೆಯಿಂದ ಹೇಳಿಕೊಳ್ಳುವುದೂ ಉಂಟು. ಹೊಗೆಸೊಪ್ಪು ಅಲ್ಲಿನ ರಕ್ತನಾಳಗಳನ್ನು ಬಿಗಿಸಿ ಲಕ್ಷಣವನ್ನಷ್ಟೇ ಮುಚ್ಚಿಟ್ಟಿರುತ್ತದೆ. ಒಳಗೆ ಮೂಳೆ ಸವೆಯುವುದು ಉಳಿದವರಿಗಿಂತ ಜೋರಾಗಿಯೇ ನಡೆದಿರುತ್ತದೆ.

ಎರಡನೆಯವರು ಪ್ರಹಾರಿಗಳು. ಅಂಗಡಿಯಲ್ಲಿ ಸಿಗುವ ಅತಿ ಗಟ್ಟಿ ಬ್ರಶ್ಶನ್ನು ಕೊಂಡು, ತಳ ಹಿಡಿದ ಪಾತ್ರೆ ತಿಕ್ಕಿದಂತೆ ತಿಕ್ಕುವವರು. ತಿಂಗಳೊಪ್ಪತ್ತಿನಲ್ಲಿ ಬ್ರಶ್ಶಿನ ಎಳೆಗಳು ಕೆದರಿಕೊಂಡಿರುತ್ತವೆ, ವಸಡು ಹಿಂದೆ ಸರಿದು ತಣ್ಣೀರು ಕುಡಿದರೆ ಹಲ್ಲು ಜುಂ ಎನ್ನುತ್ತದೆ. ಇವರ ಬಗ್ಗೆ ಇಷ್ಟು ಸಾಕು.

ಮೂರನೆಯವರು ಡಬ್ಬಿವೈದ್ಯರು: ಲವಂಗ, ಅರಿಶಿನ, ಉಪ್ಪು. ಬೆಚ್ಚನೆಯ ಉಪ್ಪುನೀರು ಮುಕ್ಕಳಿಸಿದರೆ ಹಾಯೆನಿಸುವುದು ನಿಜ. ಆದರೆ ಹಲ್ಲಿಗೆ ಅಂಟಿ ಗಟ್ಟಿಯಾದ ಕಿಟ್ಟ ಉಪ್ಪಿಗೆ ಕರಗುವಂತಿದ್ದರೆ, ಇಷ್ಟೊಂದು ಉಪ್ಪಿನಕಾಯಿ ತಿನ್ನುವ ನಾಡಿನಲ್ಲಿ ದಂತವೈದ್ಯರಿಗೆ ಕೆಲಸವೇ ಇರುತ್ತಿರಲಿಲ್ಲ.

ಇನ್ನು ಈ ಶಾಸ್ತ್ರದ ನಡುಗಂಬವಾದ ದಾಕ್ಷಿಣ್ಯವಂತರು. ನೆತ್ತರು ಕಂಡ ಜಾಗಕ್ಕೆ ಬ್ರಶ್ ತಾಗಿಸದೆ ಬಳಸಿಕೊಂಡು ಹೋಗುವವರು. ನಮ್ಮಲ್ಲಿ ಹೆಚ್ಚಿನವರು ಇವರೇ. ಪೂರ್ವಪಕ್ಷ ಹೀಗೆ: “ಗಾಯ ಆಗಿದೆ, ನಾಲ್ಕು ದಿನ ಮುಟ್ಟಬಾರದು.” ಇದಕ್ಕೆ ಸಿದ್ಧಾಂತ: ಅದು ಸಾಮಾನ್ಯವಾಗಿ ಗಾಯವಲ್ಲ. ವಸಡಿನಂಚಿನಲ್ಲಿ ಬ್ಯಾಕ್ಟೀರಿಯಾಗಳ ಅಂಟುಪೊರೆ ಕೂತು, ಅದಕ್ಕೆ ವಸಡು ಉರಿಯೂತದಿಂದ ಉತ್ತರ ಕೊಡುತ್ತಿರುತ್ತದೆ. ಒಳಗಿನ ಸಣ್ಣ ರಕ್ತನಾಳಗಳು ಹಿಗ್ಗಿ, ಮೇಲಿನ ಪದರ ಸೊರಗಿ, ಬ್ರಶ್ ಸೋಕಿದರೂ ಸಾಕು ನೆತ್ತರು. ಮುಟ್ಟದೆ ಬಿಟ್ಟಷ್ಟೂ ಪೊರೆ ದಪ್ಪವಾಗುತ್ತದೆ, ನೆತ್ತರು ಹೆಚ್ಚುತ್ತದೆ, ಅದರೊಂದಿಗೆ ದಾಕ್ಷಿಣ್ಯವೂ. ಪ್ರಮಾಣ ಬೇಕೆನ್ನುವವರಿಗೆ ಡೆನ್ಮಾರ್ಕಿನ ಆರ್ಹುಸ್ ಇದೆ. ಹರಾಲ್ಡ್ ಲೋ ಎಂಬ ದಂತವಿಜ್ಞಾನಿ ಅಲ್ಲಿ ಆರೋಗ್ಯವಂತರಾದ 12 ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿ, 1965ರಲ್ಲಿ ಫಲಿತಾಂಶ ಪ್ರಕಟಿಸಿದರು. 10ರಿಂದ 21 ದಿನದೊಳಗೆ ಎಲ್ಲರ ವಸಡೂ ಊದಿತ್ತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಹಾಗಾಗಿ ನೆತ್ತರು ಬರುವ ಜಾಗವನ್ನೇ ಉಜ್ಜಬೇಕು: ಮೆತ್ತನೆಯ ಬ್ರಶ್, ವಸಡಿನಂಚಿಗೆ 45 ಡಿಗ್ರಿ ಓರೆ, ಸಣ್ಣ ಸಣ್ಣ ಅಲುಗಾಟ, ದಿನಕ್ಕೆ ಎರಡು ಹೊತ್ತು, ಹೊತ್ತಿಗೆ 2 ನಿಮಿಷ. ಬ್ರಶ್ ಹೋಗದ ಸಂದಿಗೆ ಫ್ಲಾಸ್. ಮೊದಲ ಕೆಲವು ದಿನ ನೆತ್ತರು ಬಂದರೆ ಅಂಜಿ ನಿಲ್ಲಿಸುವುದಲ್ಲ.

ಎರಡು ವಾರವಾದರೂ ನಿಲ್ಲದಿದ್ದರೆ ಕಿಟ್ಟ ತೆಗೆಸಬೇಕು. ಇಲ್ಲಿ ಮನೆಯ ಹಿರಿಯರೊಬ್ಬರು ಅಡ್ಡ ಬಂದೇ ಬರುತ್ತಾರೆ: “ಕ್ಲೀನಿಂಗ್ ಮಾಡಿಸ್ಬೇಡ ಕಣೋ, ಹಲ್ಲು ಸಡಿಲ ಆಗುತ್ತೆ.” ಹಲ್ಲು ಅಲುಗುವುದು ಬುಡದ ಮೂಳೆ ಮೊದಲೇ ಸವೆದಿದ್ದರಿಂದ, ಅಷ್ಟು ದಿನ ಅದನ್ನು ಕಾಣದಂತೆ ಹಿಡಿದಿಟ್ಟಿದ್ದು ಕಿಟ್ಟ.

ಯಾವ ವರ್ಗಕ್ಕೂ ಸೇರದವರಿದ್ದಾರೆ, ಅವರ ವಿಷಯದಲ್ಲಿ ತಮಾಷೆ ಸಲ್ಲದು. ಗರ್ಭಿಣಿಯರಿಗೆ ಹಾರ್ಮೋನುಗಳಿಂದ ವಸಡು ಬೇಗ ಊದುತ್ತದೆ. ಸಕ್ಕರೆ ಕಾಯಿಲೆಯವರು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರು ವೈದ್ಯರಿಗೆ ತಿಳಿಸಬೇಕೇ ಹೊರತು ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ಡೆಂಗಿಯಲ್ಲಿ ವಸಡಿನ ನೆತ್ತರು ಅಪಾಯದ ಸೂಚನೆ. ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ ಎದ್ದಿದ್ದರೂ ಈ ಗ್ರಂಥವನ್ನು ಅಲ್ಲೇ ಮಡಚಿಟ್ಟು ಆಸ್ಪತ್ರೆಗೆ ಹೊರಡಬೇಕು.

ಕಡೆಯವರು ಮುಹೂರ್ತಶುದ್ಧರು. ವರ್ಷವಿಡೀ ಸುಮ್ಮನಿದ್ದು, ದಂತವೈದ್ಯರಲ್ಲಿಗೆ ಹೋಗುವ ದಿನ ಬೆಳಗ್ಗೆ ಮೂರು ಸಲ ಉಜ್ಜಿರುತ್ತಾರೆ. “ಎಷ್ಟು ದಿನದಿಂದ ರಕ್ತ ಬರ್ತಿದೆ?” “ನಿನ್ನೆಯಿಂದ, ಡಾಕ್ಟ್ರೇ.” ವೈದ್ಯರು ವಾದಕ್ಕಿಳಿಯುವುದಿಲ್ಲ. ಮಿಲಿಮೀಟರ್ ಗುರುತಿನ ಸಣ್ಣ ಸಲಾಕೆಯನ್ನು ಹಲ್ಲಿಗೂ ವಸಡಿಗೂ ನಡುವೆ ಇಳಿಸಿ, ಪಕ್ಕದ ಹುಡುಗಿಗೆ ಬರೆದುಕೊಳ್ಳಲು ಹೇಳುತ್ತಾರೆ: “ನಾಲ್ಕು... ಐದು... ಐದು... ಆರು.” ಆರೋಗ್ಯವಂತ ವಸಡಿನಲ್ಲಿ ಅದು ಮೂರನ್ನು ದಾಟುವುದಿಲ್ಲ. ಬಾಯಿ ತೆರೆದು ಮಲಗಿದ ಮುಹೂರ್ತಶುದ್ಧರು ಮಾತ್ರ ಅಂಕ ಏರುತ್ತಿರುವುದನ್ನು ಕೇಳಿ, ಬೆಳಗಿನ ಶ್ರಮ ಸಾರ್ಥಕವಾಯಿತೆಂದು ಹಿಗ್ಗುತ್ತಿರುತ್ತಾರೆ.