ಸಿ ವೈರ್ ಪ್ರಸಂಗ

ಷಿಕಾಗೋದ ಜನವರಿ. ಗೋಡೆಯ ಹಳೇ ಥರ್ಮೋಸ್ಟಾಟ್ ಬಿಚ್ಚಿ ಅಳಿಯ ತಲೆ ಕೆರೆದುಕೊಳ್ಳುತ್ತಿದ್ದ. ತುಮಕೂರಿನಿಂದ ಬಂದಿದ್ದ ಮಾವ ಶಾಲು ಬಿಗಿದುಕೊಂಡರು.

"ಎಷ್ಟು ಕೊಟ್ರಿ ಅಳಿಯಂದ್ರೇ?"

"280 ಡಾಲರ್ ಮಾವ. 2024ರ ನೆಸ್ಟ್ ಸ್ಮಾರ್ಟ್ ಥರ್ಮೋಸ್ಟಾಟ್. 2011ರಲ್ಲಿ ಮೊದಲು ಬಂದಾಗ 249 ಇತ್ತು."

"ಸರಿ, ಹಾಕಿ. ಚಳಿ!"

"ನಮ್ಮ ಫರ್ನೇಸಿಗೆ ಸಿ ವೈರ್ ಬೇಕಂತೆ, ಥರ್ಮೋಸ್ಟಾಟಿಗೆ ಸದಾ ವಿದ್ಯುತ್ ಕೊಡೋ 24 ವೋಲ್ಟಿನ ತಂತಿ. ಗೋಡೇಲಿ ಅದಿಲ್ಲ. ಎಲೆಕ್ಟ್ರಿಷಿಯನ್ನನ್ನ ಕರೀಬೇಕು."

"ಅವನ ಕೂಲಿ?"

ಅಳಿಯನಿಗೆ ಕೆಮ್ಮು ಬಂತು. (ಇಂಥ ಪ್ರಶ್ನೆಗೆ ಬರುವ ಕೆಮ್ಮೇ ಬೇರೆ.)

"ಉಳಿತಾಯ ಆಗುತ್ತೆ ಮಾವ! ಅಮೆರಿಕ ಸರ್ಕಾರದ ಎನರ್ಜಿ ಸ್ಟಾರ್ ಯೋಜನೆ ಪ್ರಕಾರ ಬಿಸಿ-ತಂಪಿನ ಬಿಲ್ಲಲ್ಲಿ ಸುಮಾರು ಶೇ. 8, ವರ್ಷಕ್ಕೆ 50 ಡಾಲರ್."

ಮಾವ ನಿವೃತ್ತ ಲೆಕ್ಕಿಗರು. "ಅಂದ್ರೆ ಅಸಲು ಹುಟ್ಟೋಕೇ ಐದೂವರೆ ವರ್ಷದ ಮೇಲೆ. ಕೂಲಿ ಬೇರೆ!"

ಇಂಥ ಥರ್ಮೋಸ್ಟಾಟ್ ಕೊಳ್ಳುವವರು ಮೊದಲು ಹಳೇ ಡಬ್ಬಿ ಬಿಚ್ಚಿ ತಂತಿ ನೋಡಿಕೊಳ್ಳಿ. ಅಮೆರಿಕದ ಹಲವು ಗ್ಯಾಸ್, ವಿದ್ಯುತ್ ಕಂಪನಿಗಳು ರಿಯಾಯಿತಿ ಕೊಡುತ್ತವೆ, ಅದನ್ನೂ ಕೇಳಿ.