ಫಲಾನುಭವಿ ಬೆಕ್ಕು

(ಶಿಡ್ಲಘಟ್ಟ. ಬೀದಿ ಬೆಕ್ಕುಗಳ ಸಂತಾನಹರಣ ಶಿಬಿರ. ನೋಂದಣಿ ಮೇಜು.)

ಗುಮಾಸ್ತ: ಮಾಲೀಕರ ಹೆಸರು?

ಅಜ್ಜಿ: ಬೀದಿ ಬೆಕ್ಕಿಗೆ ಯಾರಪ್ಪಾ ಮಾಲೀಕರು?

ಗುಮಾಸ್ತ: ಕಾಲಂ ಖಾಲಿ ಬಿಡೋ ಹಾಗಿಲ್ಲ. ಖಾಯಂ ವಿಳಾಸ?

ಅಜ್ಜಿ: ಹಗಲು ರೇಷ್ಮೆ ಹುಳು ಮನೆ ಅಟ್ಟ, ರಾತ್ರಿ ಮೀನಂಗಡಿ.

ಗುಮಾಸ್ತ: ಹೊಟ್ಟೆ ಖಾಲಿ ಇದೆಯಾ? ಅರಿವಳಿಕೆಯಲ್ಲಿ ವಾಂತಿ ಆದ್ರೆ ಉಸಿರುಗಟ್ಟುತ್ತೆ.

ಅಜ್ಜಿ: ನಾನಂತೂ ಏನೂ ಹಾಕಿಲ್ಲ. ಇಲಿ ತಿಂದಿದ್ರೆ ಅದನ್ನೇ ಕೇಳು.

ಡಾಕ್ಟರು: (ಬಂದು) ಒಂದೇ ಗೋಣಿಚೀಲದಲ್ಲಿ 3 ಬೆಕ್ಕಾ! ಬೋನಿಗೆ ಒಂದೇ ಇರಬೇಕು. ಮೇಲೆ ಬಟ್ಟೆ ಮುಚ್ಚಿ, ಕತ್ತಲಾದ್ರೆ ಸುಮ್ಮನಾಗ್ತವೆ. ಹಿಡಿದ ಜಾಗ ಚೀಟಿಯಲ್ಲಿ ಬರೀರಿ, ವಾಪಸ್ ಅಲ್ಲೇ ಬಿಡಬೇಕು.

ಅಜ್ಜಿ: ರೇಷ್ಮೆಗೂಡಿನ ಮಾರ್ಕೆಟ್ಟಲ್ಲಿ ಲಾಟಿಗೆ ಚೀಟಿ ಹಾಕ್ದಂಗೆ ಅನ್ನಿ.

ಗುಮಾಸ್ತ: ಆಪರೇಷನ್ ಆಗಿದ್ದಕ್ಕೆ ದಾಖಲೆ?

ಡಾಕ್ಟರು: ಕಿವಿ ತುದಿ ಕತ್ತರಿಸ್ತೀವಲ್ಲ, ದೂರದಿಂದಲೇ ಗೊತ್ತಾಗುತ್ತೆ.

ಗುಮಾಸ್ತ: ಸಾಲದು ಸಾರ್, ಫಲಾನುಭವಿ ಸಹಿ ಬೇಕು.

(ಚೀಲದ ಬಾಯಿ ಬಿಚ್ಚುತ್ತದೆ. ಗುಮಾಸ್ತನ ಮುಂಗೈ ಮೇಲೆ ನಾಲ್ಕು ಕೆಂಪು ಗೆರೆ.)

ಅಜ್ಜಿ: ತಗೋಳಪ್ಪಾ, ಹಾಕೇಬಿಡ್ತು.

ಡಾಕ್ಟರು: ಸೋಪು ಹಚ್ಚಿ 15 ನಿಮಿಷ ತೊಳೆದು, ರೇಬೀಸ್ ಲಸಿಕೆಗೆ ಸರ್ಕಾರಿ ಆಸ್ಪತ್ರೆಗೆ ಓಡ್ರೀ. ಆಧಾರ್ ಮರೀಬೇಡಿ, ಅಲ್ಲೂ ಕಾಲಂ ಖಾಲಿ ಬಿಡೋ ಹಾಗಿಲ್ಲ!