ತುಕ್ಕಿಗೂ ತೂಕ

ತಮಿಳುನಾಡಿನ ಚೆಟ್ಟಿನಾಡಿಗೆ ಹೋದವರು ಅರಮನೆಯಂಥ ಮನೆಗಳ ಮುಂದೆ ಬಾಯಿ ಬಿಡುತ್ತಾರೆ; ಹಳೆ ಸಾಮಾನು ಮಾರುವ ಕಾರೈಕುಡಿಯ ಮುನೀಶ್ವರನ್ ಕೋವಿಲ್ ಬೀದಿಗೆ ಬಂದು ಪರ್ಸು ಬಿಚ್ಚುತ್ತಾರೆ. ಬರ್ಮಾದಲ್ಲಿ ಲೇವಾದೇವಿ ನಡೆಸಿ ದುಡ್ಡು ಮಾಡಿದ ಚೆಟ್ಟಿಯಾರರು ಅಲ್ಲಿಂದ ತೇಗವನ್ನೂ ಯುರೋಪಿನಿಂದ ಕನ್ನಡಿಗಳನ್ನೂ ಹಡಗಿನಲ್ಲಿ ತರಿಸಿ ಮನೆ ತುಂಬಿಸಿದರು. ಮೊಮ್ಮಕ್ಕಳು ದೊಡ್ಡ ಊರುಗಳಿಗೆ ಹೊರಟರು, ಸಾಮಾನು ಬೀದಿಗೆ ಬಂತು. ಎನಾಮಲ್ ಡಬ್ಬಿ, ಪಿಂಗಾಣಿ ಭರಣಿ, ಕೆತ್ತನೆಯ ಬಾಗಿಲು, ಮಾಸಿದ ರವಿವರ್ಮನ ಲಕ್ಷ್ಮಿ, ಎಲ್ಲವೂ ಒಂದೇ ಧೂಳಿನಡಿ.

ಇಲ್ಲಿ ಚೌಕಾಸಿಯ ವ್ಯಾಕರಣವೇ ಬೇರೆ. ತುಕ್ಕು ಹಿಡಿದಿದ್ದರೆ ಬೆಲೆ ಜಾಸ್ತಿ, ಹೊಳೆದರೆ ಅನುಮಾನ ಜಾಸ್ತಿ. 'ಎಷ್ಟು ಹಳೇದಪ್ಪ?' ಎಂದರೆ, 'ನೂರೈವತ್ತು ವರ್ಷ, ಸಾರ್!' ಆದರೆ 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ. ಆದ್ದರಿಂದ ವಿದೇಶಿ ಗಿರಾಕಿ ಹೊಸ್ತಿಲು ತುಳಿದ ಕೂಡಲೇ ಅದೇ ಭರಣಿಗೆ ಯೌವನ ಬಂದುಬಿಟ್ಟರೆ ಆಶ್ಚರ್ಯಪಡಬೇಡಿ!

ಏನೇ ಹೇಳಿ, ಸುಕ್ಕು ಹೆಚ್ಚಿದಷ್ಟೂ ಮರ್ಯಾದೆ ಹೆಚ್ಚುವ ಬೀದಿ ಇದು. ನಿವೃತ್ತರಾದವರು ಒಮ್ಮೆಯಾದರೂ ಹೆಂಡತಿ ಸಮೇತ ಹೋಗಿಬರಬೇಕು.